ನಡುಮನೆಗೆ ಬಂದ ಆಟದ ಪೆಟ್ಟಿಗೆ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ನಿನ್ನ ಹೆಂಡತಿಯೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಸೋಮಾರಿತನವಲ್ಲ, ಕೈಗೆ ಸದಾ ಗ್ರೀಸು, ಇಲ್ಲವೇ ಮರದ ಪುಡಿ. ಪೆನ್ನು ಹಿಡಿಯುವ ಹಾಗಿರಲಿಲ್ಲ.

ವಿಷಯ ಏನೆಂದರೆ, ನಾನೊಂದು ಆಟದ ಪೆಟ್ಟಿಗೆ ಮನೆಗೆ ತಂದಿದ್ದೇನೆ. ಚಿಕ್ಕವನಿದ್ದಾಗ ವಿಡಿಯೊ ಗೇಮ್ ಅಂಗಡಿಯಲ್ಲಿ ನೀನು ಆಡುತ್ತಿದ್ದೆಯಲ್ಲ, ಆಳೆತ್ತರದ ಪೆಟ್ಟಿಗೆ, ಸಮುದ್ರಕ್ಕೆ ಇಳಿದು ಮುತ್ತು ಹೆಕ್ಕುವ ಆಟ, ಅದೇ. ಒಂದು ದೊಡ್ಡ ಲಾಡ್ಜಿಗೆ ಹೊಲಿಗೆ ಯಂತ್ರ ರಿಪೇರಿಗೆಂದು ಹೋಗಿದ್ದೆ. ಹಾಸಿಗೆ ಬಟ್ಟೆಗಳ ಕೋಣೆಯಲ್ಲಿ ಇದರ ತಲೆಯ ಮೇಲೆ ದಿಂಬಿನ ಚೀಲ ಪೇರಿಸಿದ್ದರು. ನಾನು ನೋಡುತ್ತಾ ನಿಂತಿದ್ದನ್ನು ಕಂಡು ಅಲ್ಲಿನ ಮೇಲ್ವಿಚಾರಕಿ, "ಬೇಕಿದ್ರೆ ಎತ್ಕೊಂಡು ಹೋಗಿ, ನಮಗೆ ಜಾಗ ಖಾಲಿಯಾದ್ರೆ ಸಾಕು" ಅಂದಳು.

ನಿನ್ನ ಭಾವ ಬೇಕರಿಯಿಂದ ಬಂದಾಗ ಮನೆಯ ಬಾಗಿಲು ಕಳಚಿ ಗೋಡೆಗೆ ಒರಗಿಸಿತ್ತು. ಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗೆ.

"ಬೀರು ತಂದ್ಯಾ?"

"ಅಲ್ಲ, ಆಟ ಆಡೋದು."

ಅವರು ಕೈಚೀಲ ಕೆಳಗಿಟ್ಟು, "ಸರಿ, ಆ ಕಡೆ ಹಿಡ್ಕೋ" ಅಂದರು. ಅಷ್ಟೇ. ಇಷ್ಟು ವರ್ಷ ಇವರ ಜೊತೆ ಹೇಗೆ ಬಾಳಿದೆ ಎಂದು ಯಾರಾದರೂ ಕೇಳಿದರೆ ಈ ಮಾತನ್ನೇ ಹೇಳುತ್ತೇನೆ.

ಅಮ್ಮ ಮಾತ್ರ ಒಂದು ವಾರ ಮುಖ ಊದಿಸಿಕೊಂಡಿದ್ದಳು. "ಹುಡುಗನಿಗೆ ಹಿಡಿದಿದ್ದ ಹುಚ್ಚು ಬಿಡ್ತು ಅಂದ್ರೆ, ಈಗ ಹುಡುಗಿಗೆ ಹಿಡೀತು." ಐವತ್ತೆರಡರ ಹುಡುಗಿ ನಾನು.

ಪೆಟ್ಟಿಗೆಯ ಬುಡ ನೀರು ಕುಡಿದು ಊದಿತ್ತು. ನಾಲ್ಕು ಬೆರಳಿನಷ್ಟು ಕೊಯ್ದು ತೆಗೆದು ಹೊಸ ಪ್ಲೈವುಡ್ ಕೂರಿಸಿದೆ. ಪಕ್ಕದ ಹಲಗೆಗೆ ಯಾರೋ ಪುಣ್ಯಾತ್ಮರು ಕಂದು ಬಣ್ಣ ಬಳಿದಿದ್ದರು. ಬ್ಲೇಡಿನಿಂದ ಹದಿನೈದು ದಿನ ಕೆರೆದ ಮೇಲೆ ಅಡಿಯಿಂದ ಮೊದಲು ಒಂದು ಹಳದಿ ಮೀನು, ಆಮೇಲೆ ಮುಳುಗುಗಾರನ ಕಾಲು ಕಂಡವು. ಅವತ್ತು ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದರೂ ನಾನು ಏಳಲಿಲ್ಲ. ಆಡುವ ಹಿಡಿ ಎಡಕ್ಕೆ ತಿರುಗಿಸಿದರೆ ಕೆಲಸ ಮಾಡುತ್ತಿರಲಿಲ್ಲ, ಒಳಗಿನ ಲೋಹದ ಪಟ್ಟಿ ಮುರಿದಿತ್ತು. ಅದಕ್ಕೆ ಹಳೇ ಹೊಲಿಗೆ ಯಂತ್ರದ ಬಾಬಿನ್ ಕೇಸಿನ ಪಟ್ಟಿ ತೆಗೆದು ಬಗ್ಗಿಸಿ ಹಾಕಿದೆ. ಅಳೆದು ಮಾಡಿಸಿದ ಹಾಗೆ ಕೂತಿತು ಕಣೋ.

ಟಿವಿ ಭಾಗ ನನಗೆ ಗೊತ್ತಿಲ್ಲದ ವಿದ್ಯೆ. ಎದುರುಮನೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಯಜಮಾನರಿದ್ದಾರೆ. ಹಳೇ ಕಾಲದ ದಪ್ಪ ಟಿವಿಗಳು ಮಾಯವಾದ ಮೇಲೆ ಅಂಗಡಿ ಮುಚ್ಚಿ, ಹಗಲೆಲ್ಲ ಕಿಟಕಿಯಲ್ಲಿ ಕೂತಿರುತ್ತಿದ್ದರು. ಕರೆದೆ. ಬಂದವರೇ ನನ್ನ ಕೈ ತಡೆದರು. "ಮುಟ್ಟಬೇಡಿ ತಾಯಿ. ಪ್ಲಗ್ ಕಿತ್ತರೂ ಇದರ ಹೊಟ್ಟೆಯಲ್ಲಿ ಕರೆಂಟ್ ಉಳಿದಿರುತ್ತೆ." ತಂತಿ ಕಟ್ಟಿದ ಸ್ಕ್ರೂಡ್ರೈವರ್ ತೂರಿಸಿ ಅದನ್ನು ಇಳಿಸಿದರು. ಟಪ್ ಎಂದು ಒಂದು ಸದ್ದು. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋದವಳು ಊಟಕ್ಕೇ ಬಂದಿದ್ದು.

ಒಣಗಿದ ಕಪಾಸಿಟರುಗಳನ್ನೆಲ್ಲ ಬದಲಾಯಿಸಿ ಸ್ವಿಚ್ ಹಾಕಿದರೆ, ಪರದೆಯ ನಡುವೆ ಒಂದೇ ಒಂದು ಬಿಳಿ ಗೆರೆ. ಮೂರು ವಾರ ಅದೇ ಗೆರೆ. ಯಜಮಾನರು, "ಇನ್ನು ಕೈ ಬಿಡೋಣ ತಾಯಿ, ನನಗೂ ವಯಸ್ಸಾಯ್ತು" ಎಂದು ಪೆಟ್ಟಿಗೆಗೆ ಬೆನ್ನು ಮಾಡಿ ಕೂತರು. ಅವರ ಮುಖ ನೋಡಲಾಗಲಿಲ್ಲ.

"ಗೆರೆ ಬರ್ತಿದೆ ಅಂದ್ರೆ ಉಸಿರಿದೆ ಅಂತ ಅಲ್ವಾ?" ಅಂದೆ.

ಮಾರನೆಯ ದಿನ ಕರೆಯದೆಯೇ ಬಂದರು, ಭೂತಗನ್ನಡಿ ಹಿಡಿದು. ಸಾಸಿವೆ ಕಾಳಿನಷ್ಟು ಬೆಸುಗೆಯೊಂದು ಸುತ್ತ ಬಿರುಕು ಬಿಟ್ಟಿತ್ತು. ಅದನ್ನು ಮತ್ತೆ ಬೆಸೆದದ್ದೇ ತಡ, ಗೆರೆ ಮೇಲಕ್ಕೂ ಕೆಳಕ್ಕೂ ಬಿಚ್ಚಿಕೊಂಡು ಇಡೀ ಸಮುದ್ರ ಬಂತು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಈಗ ಅವರು ಕಿಟಕಿಯಲ್ಲಿ ಕೂರುವುದಿಲ್ಲ. ಇಂಥ ಪೆಟ್ಟಿಗೆ ಬೇರೆಲ್ಲಾದರೂ ಬಿದ್ದಿದೆಯೇ ಎಂದು ದಿನಾ ವಿಚಾರಿಸುತ್ತಾರೆ.

ನಿನ್ನ ಭಾವ ಕೆಲಸದಿಂದ ಬಂದು ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಲು ಬರುತ್ತಾರೆ, ಗದರಿಸಿ ಕೈ ತೊಳೆಸುತ್ತೇನೆ. ಅಮ್ಮ ಸ್ಟೂಲ್ ಎಳೆದುಕೊಂಡು ಆಡುತ್ತಾಳೆ, ಅವಳ ಮುಳುಗುಗಾರ ನೀರಿಗಿಳಿದ ಕೂಡಲೇ ಶಾರ್ಕಿನ ಬಾಯಿಗೆ. "ಪಾಪ, ಅದಕ್ಕೂ ಹೊಟ್ಟೆ ಇರುತ್ತಲ್ಲ" ಅನ್ನುತ್ತಾಳೆ. ಮನೆಯಲ್ಲಿ ಇಷ್ಟು ನಗು ಕೇಳಿ ಬಹಳ ದಿನವಾಗಿತ್ತು.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ, ನಿನ್ನ ಬೆನ್ನುನೋವು ಬೇಗ ಹೋಗಲಿ. ರಜೆ ಸಿಕ್ಕಿದ ಕೂಡಲೇ ಬನ್ನಿ.

ನಿನ್ನ
ಅಕ್ಕ

ಮರೆತ ಮಾತು: ಮೊನ್ನೆ ಮೊದಲ ಸಲ ಆಡಲು ನಿಂತವಳು ಒಂದೇ ಉಸಿರಿಗೆ ಐದನೇ ಹಂತ ದಾಟಿದೆ. "ಯಾವಾಗ ಕಲಿತೆ?" ಎಂದು ನಿನ್ನ ಭಾವ ಬೆರಗಾದರು. ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ದಿನಾ ಸಂಜೆ ಗೇಮ್ ಅಂಗಡಿಯಿಂದ ನಿನ್ನನ್ನು ಕರೆತರಲು ಅಮ್ಮ ನನ್ನನ್ನೇ ಕಳಿಸುತ್ತಿದ್ದಳಲ್ಲ. ನೀನು "ಇನ್ನೊಂದೇ ಆಟ ಅಕ್ಕಾ" ಅನ್ನುತ್ತಿದ್ದೆ, ನಾನು ನಿನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಶಾರ್ಕ್ ಎಲ್ಲಿ ತಿರುಗುತ್ತದೆ ಎಂದು ನಿನಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಮನೆಗೆ ಬಂದು ಮಂಚದ ಅಂಚಿನ ಮೇಲೆ ಬೆರಳಾಡಿಸುತ್ತಿದ್ದೆ. ಆ ಅಂಗಡಿಯಲ್ಲಿ ಹುಡುಗಿಯರು ಆಡುತ್ತಿರಲಿಲ್ಲ, ಗೊತ್ತು. ನೀನು "ಒಂದಾಟ ಆಡ್ತೀಯಾ ಅಕ್ಕಾ" ಎಂದು ಕೇಳಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಆದರೂ ಒಂದು ಸಲ ಕೇಳಬೇಕಿತ್ತು ಕಣೋ.