ನಿಸರ್ಗಳ ಎಡಗಿವಿ

ತಿಪಟೂರು
9 ಮಾರ್ಚ್ 2025

ಜ್ಞಾನೇಶ್ ಅವರಿಗೆ,

ಹೌದು, ಗಂಡನ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಕೋಪ ಬಂದರೆ ಬರಲಿ. ಮೊನ್ನೆ ನಿಮ್ಮ ಮಾತು ಮುಗಿದದ್ದೇ ಫೋನ್ ಇಟ್ಟುಬಿಟ್ಟಿರಿ. ನನ್ನದು ಬಾಕಿಯಿದೆ.

"ಮಗು ಕಿವಿ ಸರಿಹೋಯ್ತಂತಲ್ಲ, ನನ್ನ ತಮ್ಮನ ಮದ್ವೆಗೆ ಕರ್ಕೊಂಡು ಬಾ. ಆಪರೇಷನ್ ಸುದ್ದಿ ಮಾತ್ರ ಹೆಣ್ಣಿನ ಕಡೆಯೋರ ಹತ್ರ ಎತ್ತಬ್ಯಾಡ" ಎಂದಿರಿ. ಹತ್ತು ವರ್ಷದ ಮೇಲೆ ಮಗಳು ನಿಸರ್ಗ ನೆನಪಾದದ್ದು ಹೀಗೆ.

ಅವಳು ಹುಟ್ಟಿದಾಗ ಎಡಗಿವಿಯ ಜಾಗದಲ್ಲಿ ಹುಣಸೆ ಬೀಜದಷ್ಟು ಮಾಂಸವಿತ್ತು, ಅಷ್ಟೇ. "ಬಸುರೀಲಿ ಗ್ರಹಣದ ದಿನ ಈಳಿಗೆಮಣೆ ಮುಟ್ಟವ್ಳೆ ಕಣಪ್ಪ, ಅದ್ಕೇ" ಎಂದರು ನಿಮ್ಮಮ್ಮ. ಇದು ಯಾರ ತಪ್ಪೂ ಅಲ್ಲವೆಂದು ತುರುವೇಕೆರೆಯ ಡಾಕ್ಟರು ನಿಮ್ಮೆದುರೇ ಹೇಳಿದರು. ಆದರೂ ಬಾಣಂತನಕ್ಕೆ ತವರಿಗೆ ಬಂದವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ನಾನೂ ದಾರಿ ಕಾಯಲಿಲ್ಲ. ಕಾಯಿಪುಡಿ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದೆ.

ಹೊಸ ಕಿವಿ ಮಾಡಲು ಪಕ್ಕೆಲುಬು ಬಲಿಯುವವರೆಗೆ ಕಾಯಬೇಕೆಂದಿದ್ದರು ಬೆಂಗಳೂರಿನ ಡಾಕ್ಟರು. ಕಳೆದ ವರ್ಷ ಅವಳ ಪಕ್ಕೆಲುಬಿನ ಮೆದು ಮೂಳೆ ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ, ಚರ್ಮದಡಿ ಕೂರಿಸಿದರು. ಕೆಲವು ತಿಂಗಳ ಮೇಲೆ ಇನ್ನೊಂದು ಆಪರೇಷನ್ ಮಾಡಿ, ತಲೆಗಂಟಿದ್ದ ಅದನ್ನು ಎತ್ತಿ ನಿಲ್ಲಿಸಿದರು. ಕೆಮ್ಮು ಬಂದರೆ ಕೂಸು ಎದೆ ಹಿಡಿದುಕೊಂಡು ನರಳುತ್ತಿತ್ತು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬರುತ್ತಿದ್ದೆ. ಇದೆಲ್ಲ ಬೇಡವಾಗಿತ್ತೇನೇ ಎಂದು ಒಮ್ಮೆ ಕೇಳಿದ್ದಕ್ಕೆ, "ಸುಮ್ಕಿರಮ್ಮ, ಮಾಡಿಸು ಅಂದೋಳು ನಾನು ತಾನೇ" ಎಂದಳು.

ನಿಜ, ಹಟ ಹಿಡಿದವಳು ಅವಳೇ. ನಿಮ್ಮ ತಮ್ಮನ ಮದುವೆ ಚಪ್ಪರಕ್ಕೆ ಒಪ್ಪಲೆಂದಲ್ಲ, ಕನ್ನಡಕ ಜಾರದಿರಲೆಂದು. ಹೊಸ ಕಿವಿ ಇನ್ನೊಂದರ ತದ್ರೂಪವಲ್ಲ, ತುಸು ದಪ್ಪ. ಅವಳಿಗೆ ಅದರ ಚಿಂತೆಯೇ ಇಲ್ಲ. "ನನ್ನ ಪಕ್ಕೆಲುಬಿಂದ ಮಾಡಿದ್ದು ಕಣ್ರೇ, ಮುಟ್ಟಿ ನೋಡ್ರೇ" ಎಂದು ಶಾಲೆಯ ಹುಡುಗಿಯರಿಗೆಲ್ಲ ತೋರಿಸಿ ಬಂದಿದ್ದಾಳೆ. ಅಂಥವಳಿಗೆ ಬಾಯಿ ಮುಚ್ಚಿಕೊಂಡಿರು ಎನ್ನಲು ನನ್ನಿಂದಾಗದು.

ಮದುವೆಗೆ ನಾವು ಬರುವುದಿಲ್ಲ. ಮುಚ್ಚಿಡಬೇಕಾದ ಮಗಳನ್ನು ನಾನು ಹೆತ್ತಿಲ್ಲ.

ಯಾರ ಅಪ್ಪಣೆಗೂ ಕಾಯದ,
ಗಿರಿಜಾಂಬಿಕಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ಮಗಳು ಬಿಡಲಿಲ್ಲ. ಅವಳಿಗೆ ನಿಮ್ಮನ್ನು ನೋಡುವ ಆಸೆಯಿದೆ. ಬರುವುದಾದರೆ ಹಗಲು ಹೊತ್ತು, ನಾಲ್ಕು ಜನರೆದುರು ಬನ್ನಿ. ಅವಳ ಬಲಗಡೆ ಕೂತು ಮಾತಾಡಿ. ಆಪರೇಷನ್ ಆದರೂ ಎಡಗಿವಿ ಕೇಳಿಸುವುದಿಲ್ಲ. ಅದೊಂದನ್ನು ನೀವು ವಿಚಾರಿಸಲೇ ಇಲ್ಲ.