ಧಾರಾವಾಹಿಯ ಪಲೋಮಾ ಮತ್ತು ನಮ್ಮಜ್ಜಿ

ಅಪ್ಪಾ,

ಸಮಾಧಿಯವರೆಗೆ ಟಪಾಲು ಹೋಗುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಗಡಿಯೂರು ಎಲ್ ಪಾಸೊದ ಈ ಮನೆಯಲ್ಲಿ ಸಂಜೆಯ ಧಾರಾವಾಹಿ ಇನ್ನೂ ತಪ್ಪಿಲ್ಲ. ಇವತ್ತಿನ ಕಂತಿನಲ್ಲಿ ನಮ್ಮ ಮೆಕ್ಸಿಕನ್ ಹುಡುಗಿ ಪಲೋಮಾ, ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆಂದು ಮನೆಯವರ ಮುಂದೆ ಹೇಳಿಬಿಟ್ಟಳು. ಇಂಥದ್ದು ಬಂದರೆ ನೀವು ಚಾನೆಲ್ ಬದಲಿಸುತ್ತಿದ್ದಿರಿ, ನಾನು ನೀರು ಕುಡಿಯುವ ನೆಪದಲ್ಲಿ ಏಳುತ್ತಿದ್ದೆ. ಇವತ್ತು ಏಳಲಿಲ್ಲ.

ತಮಾಲೆ ಕಡುಬಿಗೆ ಜೋಳದ ಹಿಟ್ಟು ನಾದುತ್ತಿದ್ದ ನಿಮ್ಮಮ್ಮ ಕೈ ನಿಲ್ಲಿಸಿದರು. "ಅಲ್ವೇ ಇಟ್ಸೆಲ್, ಹೋದ ವರ್ಷ ಆ ಡಾಕ್ಟರ್ ಹುಡುಗನಿಗೋಸ್ಕರ ಅಷ್ಟು ಅತ್ತಳಲ್ಲ ಇವಳು, ಅದೆಲ್ಲ ನಾಟಕಾನಾ?"

"ಅದೂ ನಿಜ, ಇದೂ ನಿಜ ಅಜ್ಜಿ. ಕೆಲವರಿಗೆ ಗಂಡಸರ ಮೇಲೂ ಮನಸ್ಸಾಗುತ್ತೆ, ಹೆಂಗಸರ ಮೇಲೂ ಆಗುತ್ತೆ. ನನಗೂ ಹಾಗೇ."

ಅಜ್ಜಿ ಟಿವಿಯ ಸದ್ದು ತಗ್ಗಿಸಿದರು. "ಹಾಗಾದ್ರೆ ನಿನ್ನ ಜೊತೆ ಮನೆಗೆ ಬರೋ ಆ ನೊಯೆಮಿ ಬರೀ ಫ್ರೆಂಡಲ್ಲ."

"ಅಲ್ಲ."

"ಅದಕ್ಕೇ ನನ್ನ ಅಡುಗೇನ ಅಷ್ಟು ಹೊಗಳ್ತಾಳೆ, ಕಳ್ಳಿ! ಭಾನುವಾರ ಊಟಕ್ಕೆ ಕರ್ಕೊಂಡು ಬಾ."

ನಗುತ್ತಲೇ ಅತ್ತುಬಿಟ್ಟೆ ಅಪ್ಪಾ. ಊಟದ ಮೇಜಿಗೆ ಇರುವುದು ಮೂರೇ ಕುರ್ಚಿ. ನಿಮ್ಮದರಲ್ಲಿ ಅವಳನ್ನು ಕೂರಿಸುತ್ತೇನೆ.

ನಿಮ್ಮ
ಇಟ್ಸೆಲ್