ಪಂಪು ಬಿಚ್ಚಿಟ್ಟ ಆಟಗಾರ್ತಿ

ಹಿನಕಲ್, ಮೈಸೂರು
೧೯ ಜನವರಿ ೨೦೨೬

ಅಕ್ಷತಾಳ ಅಪ್ಪನಿಗೆ,

ಸುಷ್ಮಾಳ ನಮಸ್ಕಾರ. ಒಂಟಿಕೊಪ್ಪಲಿನಲ್ಲಿ ಅತ್ತೆಯವರೂ ನೀವೂ ಸೌಖ್ಯವೆಂದು ನಂಬಿದ್ದೇನೆ. ಒಂದೇ ಊರಿನಲ್ಲಿದ್ದುಕೊಂಡು ಇವಳೇಕೆ ಕಾಗದ ಬರೆದಳು ಅನ್ನಿಸಬಹುದು. ಫೋನಿನಲ್ಲಿ ನಮ್ಮಿಬ್ಬರ ಮಾತು ಜಗಳಕ್ಕೇ ತಿರುಗುತ್ತದೆ. ಇವತ್ತು ಜಗಳವಾಡಲು ನನಗೆ ಮನಸ್ಸಿಲ್ಲ. ನಿಮ್ಮ ಮಗಳು ಜಿಲ್ಲಾ ಕಬಡ್ಡಿ ತಂಡಕ್ಕೆ ಆಯ್ಕೆಯಾದಳು. ಅದೂ ಪಂಪು ಇಲ್ಲದೆ.

ಆ ಇನ್ಸುಲಿನ್ ಪಂಪು ನೀವು ಹಟ ಹಿಡಿದು ತಂದುಕೊಟ್ಟದ್ದು. ಒಂಬತ್ತನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಾಗಿನಿಂದ ದಿನವೂ ಸಿರಿಂಜಿನಿಂದ ಚುಚ್ಚಿಸಿಕೊಂಡ ಮಗುವಿಗೆ ಅದು ದೊಡ್ಡ ಬಿಡುಗಡೆಯಾಗಿತ್ತು, ನಾನು ಅಲ್ಲವೆನ್ನುವುದಿಲ್ಲ. ಸೊಂಟದ ಪುಟ್ಟ ಡಬ್ಬಿ, ಹೊಟ್ಟೆಗೆ ಅಂಟಿಸಿದ ಸಣ್ಣ ನಳಿಕೆ. ತಾನಾಗಿಯೇ ಹನಿಹನಿಯಾಗಿ ಔಷಧ ಹೋಗುತ್ತಿತ್ತು. ಆದರೆ ಕಬಡ್ಡಿಯಲ್ಲಿ ಹಿಡಿಯುವವರು ಕೈ ಹಾಕುವುದೇ ಸೊಂಟಕ್ಕೆ. ಆಗಸ್ಟ್‌ನಲ್ಲಿ ಹಾಗೆಯೇ ಆಯಿತಲ್ಲ. ಅಭ್ಯಾಸದ ಆಟದಲ್ಲಿ ನಳಿಕೆ ಅರ್ಧ ಕಿತ್ತುಬಂದದ್ದು ಯಾರಿಗೂ ತಿಳಿಯಲಿಲ್ಲ, ಅವಳಿಗೂ. ಔಷಧ ಹೋಗದೆ ಸಕ್ಕರೆ ಏರಿ, ಸಂಜೆಯ ಹೊತ್ತಿಗೆ ವಾಂತಿ, ಆಸ್ಪತ್ರೆ, ಡ್ರಿಪ್ಪು. ನೀವು ಓಡಿಬಂದು ಮಂಚದ ಪಕ್ಕ ನಿಂತು, "ಪಂಪು ಇರ್ಲಿ, ಆಟ ಬ್ಯಾಡ. ಅವ್ಳು ಆಡೋದಾದ್ರೆ ನಾನು ಈ ಕಡೆ ತಲೆನೂ ಹಾಕಲ್ಲ" ಎಂದು ಹೊರಟುಬಿಟ್ಟಿರಿ. ಅಂದಿನಿಂದ ಬರಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ಡಾಕ್ಟರ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು. "ಪಂಪು ಒಳ್ಳೇದೇ ಡಾಕ್ಟ್ರೇ. ಆದ್ರೆ ಅದ್ರಲ್ಲಿರೋದು ಬೇಗ ಕರಗೋ ಇನ್ಸುಲಿನ್ನು. ನಳಿಕೆ ಕಿತ್ಕೊಂಡ್ರೆ ಸ್ವಲ್ಪ ಹೊತ್ತಿಗೇ ಮೈಯಲ್ಲಿ ಏನೂ ಇರಲ್ಲ. ಪೆನ್ನಿನ ಥರ ಇರೋ ಇಂಜೆಕ್ಷನ್ ಬರುತ್ತಲ್ಲ, ಇನ್ಸುಲಿನ್ ಪೆನ್, ಅದಾದ್ರೆ?" ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಸಿರಿಂಜೂ ಕೆಲಸ ಮಾಡುತ್ತದೆ, ಆದರೆ ಮೈದಾನದಲ್ಲಿ ಬಾಟಲಿಯಿಂದ ಅಳೆದು ಎಳೆದುಕೊಳ್ಳುವುದು ಕಷ್ಟ. ಪೆನ್ನಿನಲ್ಲಿ ಅಂಕೆ ತಿರುಗಿಸಿ ಒತ್ತಿದರಾಯಿತು. ಇಡೀ ದಿನ ನಿಲ್ಲುವ ಇನ್ಸುಲಿನ್ ಒಂದು ಸಲ, ಪ್ರತಿ ಊಟಕ್ಕೂ ಬೇರೆ. ಚುಚ್ಚುವುದು ಹೆಚ್ಚು, ಲೆಕ್ಕಾಚಾರವೂ ಹೆಚ್ಚು, ಪಂಪಿನಷ್ಟು ನಯವಾಗಿ ಹೊಂದಿಸಲಾಗದು.

"ದಿನಕ್ಕೆ ನಾಕು ಸಲ ಚುಚ್ಕೋತೀನಿ ಡಾಕ್ಟ್ರೇ, ಆಟ ಬುಡಲ್ಲ" ಅಂದಳು. ಅವರು ನಕ್ಕು ಬರೆದುಕೊಟ್ಟರು.

ಮೊದಲ ವಾರಗಳು ಸುಲಭವಿರಲಿಲ್ಲ. ಸಕ್ಕರೆ ಒಮ್ಮೆ ಏರಿ ಒಮ್ಮೆ ಇಳಿಯಿತು. ಒಂದು ಬೆಳಿಗ್ಗೆ ಬೆವರಿ ನಡುಗುತ್ತಿದ್ದವಳಿಗೆ ನಾನು ಸಕ್ಕರೆ ನೀರು ಕುಡಿಸಿದೆ. ನಿಮಗೆ ಫೋನ್ ಮಾಡಲು ಕೈಗೆತ್ತಿಕೊಂಡು ಇಟ್ಟೆ. ಅವಳು ಮಾತ್ರ ಹೆದರಲಿಲ್ಲ. ಡಾಕ್ಟರಿಗೆ ತೋರಿಸಿ ಡೋಸು ಸರಿಮಾಡಿಸಿಕೊಂಡಳು.

ನಿನ್ನೆ ಇಲವಾಲದಲ್ಲಿ ಆಯ್ಕೆ ಪಂದ್ಯ. ಮೊದಲ ಆಟ ಮುಗಿದು ಊಟಕ್ಕೆ ಬಿಟ್ಟಾಗ ಬೆಂಚಿನ ಮೇಲೆ ಎಲ್ಲರೆದುರೇ ಅಂಗಿಯಂಚು ಎತ್ತಿ ಪೆನ್ ಒತ್ತಿಕೊಂಡಳು. ಆಯ್ಕೆಗೆ ಬಂದಿದ್ದವರೊಬ್ಬರು, "ಏನಮ್ಮಾ ಅದು ಇಂಜೆಕ್ಷನ್ನು? ಇಂಥವರನ್ನೆಲ್ಲ ಆಡಿಸ್ತೀರಾ ಜವರಪ್ಪನೋರೇ?" ಎಂದು ಕೋಚ್ ಮೇಲೆ ರೇಗಿದರು. ಅಕ್ಷತಾ ಎದ್ದು ನಿಂತು, "ಇನ್ಸುಲಿನ್ ಸಾರ್. ಅನುಮತಿ ಮೊದ್ಲೇ ತಗೊಂಡಿದೀವಿ. ನಿಮ್ಮ ಮೈ ತಾನೇ ಮಾಡ್ಕೊಳುತ್ತೆ, ನಾನು ಹಾಕ್ಕೋತೀನಿ. ಅಷ್ಟೇ ವ್ಯತ್ಯಾಸ. ಆಟ ನೋಡಿ ಹೇಳಿ ಸಾರ್" ಅಂದಳು.

ಅವರು ಆಟ ನೋಡಿದರು. ಕೊನೆಯ ರೈಡಿನಲ್ಲಿ ಮೂವರು ಮೇಲೆ ಬಿದ್ದರೂ ಕೈ ಚಾಚಿ ಗೆರೆ ಮುಟ್ಟಿಬಿಟ್ಟಳು. ತಂಡ ಓದುವಾಗ ಅವಳ ಹೆಸರನ್ನು ಆ ಮನುಷ್ಯನೇ ಕೂಗಿದ್ದು. ನಾನು ಶಿಳ್ಳೆ ಹೊಡೆದೆನಂತೆ, ಜವರಪ್ಪನವರು ಹೇಳಿ ನಗುತ್ತಿದ್ದರು.

ನಮ್ಮಿಬ್ಬರ ವಿಷಯ ಏನಾದರೂ ಆಗಲಿ, ಇಂಥ ಮಗಳ ತಾಯಿ ನಾನು ಎಂದು ಇವತ್ತು ತಲೆಯೆತ್ತಿ ಬರೆಯುತ್ತಿದ್ದೇನೆ.

ಇಂತಿ,
ಸುಷ್ಮಾ

ತಾ.ಕ.: ಮೈದಾನದ ಗೇಟಿನ ಹತ್ತಿರ ಒಬ್ಬರು ಆಟ ಮುಗಿಯುವವರೆಗೂ ಹೆಲ್ಮೆಟ್ ತೆಗೆಯದೆ ನಿಂತಿದ್ದರು. ಹದಿನೆಂಟು ವರ್ಷ ನೋಡಿದ ನಿಲುವು, ನನಗೆ ಗುರುತು ಸಿಗದೆ ಇರುತ್ತದೆಯೇ? ಅಷ್ಟು ದೂರಕ್ಕೆ ಅವಳ ಮಾತು ನಿಮಗೆ ಕೇಳಿಸಿರಲಾರದು ಎಂದೇ ಇಷ್ಟೆಲ್ಲ ಬರೆದೆ. ಮುಂದಿನ ಪಂದ್ಯಕ್ಕೆ ಹತ್ತಿರ ಬಂದು ಕೂತುಕೊಳ್ಳಿ.